ಮುಂಬಯಿಯಿಂದ ಟ್ರೌಟ್ ಎಷ್ಟು ದೂರ?

ಗಾಳದ ಹುಚ್ಚು ಹತ್ತಿದ ಮುಂಬಯಿಗರಿಗೆ ಊರೊಳಗೇ ಒಂದು ನೆಲೆಯಿದೆ. ಅದು ಪವಾಯಿ ಕೆರೆ. ಮಿಠಿ ನದಿಗೆ ಸೇರುವ ಒಂದು ತೊರೆಗೆ ಅಡ್ಡಕಟ್ಟೆ ಹಾಕಿ 1891ರಲ್ಲಿ ಕಟ್ಟಿದ ಕೆರೆ ಇದು. ನಗರಕ್ಕೆ ಕುಡಿಯುವ ನೀರು ಕೊಡಬೇಕೆಂಬುದು ಆಗಿನ ಉದ್ದೇಶ. ಆ ನೀರು ಈಗ ಕುಡಿಯಲು ಯೋಗ್ಯವಲ್ಲ, ಆದರೆ ಕಾಟ್ಲಾ, ರೋಹು, ತಿಲಾಪಿಯಾ ಮೀನುಗಳಿಗೆ ಕೊರತೆಯಿಲ್ಲ. ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಇರುವುದೂ ಇದೇ ದಂಡೆಯಲ್ಲಿ. ಹಿಟ್ಟಿನ ಉಂಡೆ ಕಟ್ಟಿ ಗಂಟೆಗಟ್ಟಲೆ ಕಾಯುವ ತಾಳ್ಮೆ ಇದ್ದವರಿಗೆ ಇದು ಒಳ್ಳೆಯ ಶಾಲೆ.

ಅಲ್ಲಿ ಕೈ ಪಳಗಿದವರಲ್ಲಿ ಅನೇಕರ ಮುಂದಿನ ಆಸೆ ಫ್ಲೈ ಫಿಶಿಂಗ್. ಅದೂ ಮನುಷ್ಯರ ಸುಳಿವಿಲ್ಲದ ಎತ್ತರದ ಕೆರೆಯಲ್ಲಿ, ಟ್ರೌಟ್ ಮೀನಿಗೆ. ಶುಕ್ರವಾರ ಸಂಜೆ ಆಫೀಸು ಬಿಟ್ಟು ಹೊರಟು ಸೋಮವಾರ ಬೆಳಗ್ಗೆ ಮರಳುವಂತೆ ಅದು ಆದೀತೇ?

ಮೊದಲು ಈ ವಿದ್ಯೆ ಏನೆಂದು ನೋಡೋಣ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ದೂರಕ್ಕೆ ಎಳೆದೊಯ್ಯುತ್ತದೆ. ಫ್ಲೈಗೆ ಭಾರವೇ ಇಲ್ಲ. ಚಿಕ್ಕ ಕೊಕ್ಕೆಯ ಬೆನ್ನಿಗೆ ಹುಂಜದ ಕತ್ತಿನ ಗರಿ ಸುತ್ತಿ, ರೇಷ್ಮೆಯಂಥ ನೂಲಿನಿಂದ ಬಿಗಿದು, ಎರಡು ಎಳೆ ತುಪ್ಪಳ ಸೇರಿಸಿದರೆ ನೀರಿನ ಮೇಲೆ ಕೂತ ನೊಣದ ಹಾಗೆ ಕಾಣುತ್ತದೆ. ಅಷ್ಟು ಹಗುರದ್ದನ್ನು ಎಸೆಯುವುದು ಹೇಗೆ? ಇಲ್ಲಿ ಭಾರ ಇರುವುದು ದಾರದಲ್ಲಿ. ಪ್ಲಾಸ್ಟಿಕ್ ಲೇಪದ ದಪ್ಪ ದಾರವನ್ನು ತಲೆಯ ಮೇಲೆ ಹಿಂದಕ್ಕೊಮ್ಮೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಕ್ಷಣದ ತಡೆಯೇ ಈ ವಿದ್ಯೆಯ ಜೀವ. ಹಿಂದೆ ಮರವೋ ಪೊದೆಯೋ ಇದ್ದರೆ ಫ್ಲೈ ಅಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಬಯಲು ದಂಡೆಯೇ ಆಗಬೇಕು. ಪ್ರಯಾಣಕ್ಕೆ ಮುನ್ನ ಕಟ್ಟಡದ ಟೆರೇಸಿನಲ್ಲೋ ಖಾಲಿ ಮೈದಾನದಲ್ಲೋ ಕೊಕ್ಕೆಯಿಲ್ಲದೆ ಬೀಸಿ ಅಭ್ಯಾಸ ಮಾಡಿಕೊಂಡರೆ ಕೆರೆಯ ಬಳಿ ಪರದಾಟ ತಪ್ಪುತ್ತದೆ.

ಇನ್ನು ಟ್ರೌಟ್. ಅದು ತಣ್ಣೀರಿನ ಮೀನು. ಹತ್ತರಿಂದ ಹದಿನಾರು ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಿತ, ಇಪ್ಪತ್ತು ದಾಟಿತೆಂದರೆ ಸಂಕಟ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದೇ ಇದಕ್ಕೆ ಮುಖ್ಯ ಕಾರಣ. ಮುಂಬಯಿಯ ಸುತ್ತ, ಸಹ್ಯಾದ್ರಿಯ ನೆತ್ತಿಯನ್ನೂ ಸೇರಿಸಿ, ಅಂಥ ತಂಪಿನ ಕೆರೆ ಒಂದೂ ಇಲ್ಲ. ಭಾರತದ ಟ್ರೌಟ್ ಎಲ್ಲವೂ ಹೊರಗಿನಿಂದ ತಂದು ಬಿಟ್ಟಿದ್ದು. ಬ್ರೌನ್ ಟ್ರೌಟ್ ಕಾಶ್ಮೀರಕ್ಕೆ 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂತು. ನೀಲಗಿರಿಯಲ್ಲಿ ಎಚ್.ಸಿ. ವಿಲ್ಸನ್ 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ತೆರೆದು ರೇನ್‌ಬೋ ಟ್ರೌಟ್ ಬೆಳೆಸಿದರು.

ನಿಜಕ್ಕೂ ದೂರದ ಟ್ರೌಟ್ ಕೆರೆಗಳೆಂದರೆ ಕಾಶ್ಮೀರದ ಗಂಗಾಬಲ್, ವಿಶನ್‌ಸರ್, ಕಿಶನ್‌ಸರ್. ಮೂರೂ ಮೂರೂವರೆ ಸಾವಿರ ಮೀಟರಿಗಿಂತ ಎತ್ತರದಲ್ಲಿವೆ, ಮೂರಕ್ಕೂ ನಡೆದೇ ಹೋಗಬೇಕು. ಶ್ರೀನಗರದವರೆಗೆ ವಿಮಾನ, ನಾರಾನಾಗ್‌ವರೆಗೆ ವಾಹನ, ಅಲ್ಲಿಂದ ಗಂಗಾಬಲ್‌ಗೆ ಇಡೀ ದಿನದ ಕಡಿದಾದ ಏರು. ಸಮುದ್ರಮಟ್ಟದ ಊರಿನಿಂದ ಹೋದವರ ದೇಹ ಆ ಎತ್ತರಕ್ಕೆ ಒಗ್ಗಲು ಸಮಯ ಬೇಕು. ಶನಿವಾರ, ಭಾನುವಾರದಲ್ಲಿ ಇದನ್ನು ಮುಗಿಸುತ್ತೇನೆ ಎಂದು ಹೊರಡುವುದು ತಲೆನೋವು, ವಾಂತಿಗಳನ್ನು ಕೈಯಾರೆ ಕರೆದಂತೆ. ಕನಿಷ್ಠ ಐದಾರು ದಿನ ಬೇಕು, ಜೊತೆಗೆ ಮೀನುಗಾರಿಕೆ ಇಲಾಖೆಯ ಪರವಾನಗಿಯೂ ಬೇಕು. ಹಿಮಾಚಲದ ತೀರ್ಥನ್ ಕಣಿವೆ ಇದಕ್ಕಿಂತ ಸುಲಭ. ಅಲ್ಲಿರುವುದು ಕೆರೆಯಲ್ಲ, ಹೊಳೆ. ರಜೆ ಸೇರಿಸಿ ನಾಲ್ಕು ದಿನವಾದರೆ ಚಂಡೀಗಢದ ಮೂಲಕ ಹೋಗಿಬರಬಹುದು. ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿ ಟ್ರೌಟ್ ಹಿಡಿಯುವುದಕ್ಕೆ ನಿಷೇಧವಿದೆ. ಆ ಕಾಲ ಮೀನು ಮೊಟ್ಟೆಯಿಡುವ ಕಾಲ.

ಹಾಗಾದರೆ ಎರಡೇ ದಿನ ಇರುವವರು ಏನು ಮಾಡಬೇಕು? ಟ್ರೌಟಿನ ಆಸೆಯನ್ನು ಉದ್ದನೆಯ ರಜೆಗೆ ಎತ್ತಿಟ್ಟು, ಇದೇ ನೆಲದ ಮೀನಿನತ್ತ ತಿರುಗಬೇಕು. ಅದು ಮಹಶೀರ್, ಕಾವೇರಿ ತೀರದವರ ಬಿಳಿಮೀನು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಹೊಳೆಯಲ್ಲಿ ಭಕ್ತರು ಮಂಡಕ್ಕಿ ಹಾಕುವ ದೇವರ ಮೀನು ಇದರ ಕುಲದ್ದೇ. ನೀಲಿ ರೆಕ್ಕೆಯ ಮಹಶೀರನ್ನು ವಿಜ್ಞಾನಕ್ಕೆ ಪರಿಚಯಿಸಿದ ಡಬ್ಲ್ಯೂ.ಎಚ್. ಸೈಕ್ಸ್, 1839ರಲ್ಲಿ ಅದನ್ನು ವರ್ಣಿಸಿದ್ದು ಪುಣೆಯ ಬಳಿಯ ಮುಳಾ-ಮುಠಾ ನದಿಯ ಮೀನು ನೋಡಿ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಸೆಣಸುವುದರಲ್ಲಿ ಮಹಶೀರ್ ವಿಲಾಯತಿಯ ಸಾಲ್ಮನ್ ಮೀನನ್ನೂ ಮೀರಿಸುತ್ತದೆ ಎಂಬುದು ಥಾಮಸರ ಖಚಿತ ಅಭಿಪ್ರಾಯ. ನೊಣ, ಏಡಿ, ಸಣ್ಣ ಮೀನು, ಮರದಿಂದ ಉದುರಿದ ಹಣ್ಣು, ಎಲ್ಲವನ್ನೂ ತಿನ್ನುವ ಈ ಮೀನು ಫ್ಲೈಗೂ ಬಾಯಿ ಹಾಕುತ್ತದೆ.

ಮುಂಬಯಿಗೆ ಹತ್ತಿರದಲ್ಲಿ ಇದರ ಮನೆ ಲೋಣಾವಳ. 1915ರಲ್ಲಿ ಶುರುವಾದ ಖೋಪೋಲಿ ವಿದ್ಯುದಾಗಾರಕ್ಕೆಂದು ಟಾಟಾ ಕಂಪನಿ ಕಟ್ಟಿಸಿದ ವಲವಣ, ಶಿರವಟಾ ಕೆರೆಗಳು ಇಲ್ಲಿವೆ. ಮುಂಬಯಿಯ ಗಿರಣಿಗಳನ್ನು ನಡೆಸಿದ ನೀರು ಇದೇ. 1970ರ ದಶಕದಲ್ಲಿ ಇಲ್ಲಿ ಮಹಶೀರ್ ಮರಿಗಳನ್ನು ಬೆಳೆಸುವ ಕೆಲಸ ಆರಂಭವಾಯಿತು. ಈ ಮೀನು ಮೊಟ್ಟೆಯಿಡುವ ಬಗೆಯನ್ನು ಅಧ್ಯಯನ ಮಾಡಿದ ಸಿ.ವಿ. ಕುಲಕರ್ಣಿಯವರ ದುಡಿಮೆ ಅದಕ್ಕೆ ತಳಹದಿ. ಇಲ್ಲಿಂದ ಹೋದ ಮರಿಗಳು ನಮ್ಮ ಕಾವೇರಿಯನ್ನೂ ಸೇರಿದವು. ಒಳ್ಳೆಯ ಮನಸ್ಸಿನಿಂದ ಆದ ಕೆಲಸ, ಆದರೆ ಕಾವೇರಿಗೆ ತನ್ನದೇ ಗೂನುಬೆನ್ನಿನ ಮಹಶೀರ್ ಇತ್ತು. ನೀಲಿ ರೆಕ್ಕೆಯ ಮೀನು ಹೆಚ್ಚಿದಂತೆ ಅದು ಕ್ಷೀಣಿಸಿತು. 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಈ ಗೂನುಬೆನ್ನಿನ ಮೀನನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಯಾವ ನೀರಿನ ಮೀನು ಯಾವುದು ಎಂದು ಕೇಳದೆ ಕೆರೆಗೆ ಮರಿ ಬಿಡುವುದು ಎಂಥ ಅಪಾಯ ಎನ್ನುವುದಕ್ಕೆ ಕರ್ನಾಟಕದಲ್ಲೇ ಇರುವ ಉದಾಹರಣೆ ಇದು.

ಲೋಣಾವಳಕ್ಕೆ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಿಂದ 128 ಕಿಲೋಮೀಟರ್, ರೈಲಿನಲ್ಲಿ ಎರಡೂವರೆ ಮೂರು ಗಂಟೆ. ನಾಲ್ಕು ತುಂಡಾಗಿ ಬಿಚ್ಚುವ ಒಂಬತ್ತು ಅಡಿಯ ರಾಡ್ ಸೀಟಿನ ಮೇಲಿನ ಹಲಗೆಯಲ್ಲಿ ಹಿಡಿಸುತ್ತದೆ. ಟ್ರೌಟಿಗೆ ಐದನೇ ನಂಬರಿನ ರಾಡ್ ಸಾಕು, ಮಹಶೀರಿಗೆ ಎಂಟನೆಯದು ಬೇಕು. ಕೆರೆಗಳು ಕಂಪನಿಯ ಸುಪರ್ದಿನಲ್ಲಿರುವುದರಿಂದ ಅನುಮತಿ ಕೈಗೆ ಬಂದ ಮೇಲೆಯೇ ಟಿಕೆಟ್ ತೆಗೆಸುವುದು ಒಳ್ಳೆಯದು. ಬೊರಿವಲಿ ಕಾಡಿನ ವಿಹಾರ್, ತುಳಸಿ ಕೆರೆಗಳ ಯೋಚನೆಯನ್ನೇ ಬಿಟ್ಟುಬಿಡಬೇಕು. ಅವು ರಾಷ್ಟ್ರೀಯ ಉದ್ಯಾನದೊಳಗಿನ ಕುಡಿಯುವ ನೀರಿನ ಕೆರೆಗಳು.

ತಿಂಗಳ ಲೆಕ್ಕ ಹೀಗಿದೆ: ಸಹ್ಯಾದ್ರಿಯಲ್ಲಿ ಮಳೆ ಸುರಿಯುವ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಹಶೀರ್ ತೊರೆಗಳಿಗೆ ಏರಿ ಮೊಟ್ಟೆಯಿಡುತ್ತದೆ. ಆಗ ಅದನ್ನು ಕೆಣಕಬಾರದು. ಕಾಶ್ಮೀರದ ಎತ್ತರದ ಕೆರೆಗಳಲ್ಲಿ ಹಿಮ ಕರಗಿ ದಾರಿ ತೆರೆಯುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ. ಉದ್ದನೆಯ ರಜೆಯನ್ನು ಆಗಸ್ಟಿಗೂ, ಲೋಣಾವಳದ ವಾರಾಂತ್ಯವನ್ನು ನವೆಂಬರ್ ನಂತರಕ್ಕೂ ಇಟ್ಟುಕೊಂಡರೆ ಎರಡೂ ಆದೀತು.

ಸಿಕ್ಕ ಮಹಶೀರನ್ನು ಬಿಟ್ಟುಬಿಡುವುದು ಈಗ ಗಾಳಗಾರರ ಒಪ್ಪಿತ ಕ್ರಮ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿದ್ದರೆ ಬಿಡಿಸುವುದು ಸುಲಭ. ಒಣಗೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತುಬಂದು ಮೀನಿಗೆ ಸೋಂಕು ತಗಲುತ್ತದೆ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರೊಳಗೇ ಹಿಡಿದು, ಕಿವಿರು ಆಡುವವರೆಗೆ ಆಧಾರ ಕೊಡಬೇಕು. ಬಾಲ ಬೀಸಿ ಅದು ತಾನಾಗಿಯೇ ಹೊರಟಾಗ ಕೈ ಸಡಿಲಿಸಿದರೆ ಸಾಕು. ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ದಣಿದ ಮೀನು ಬೆಚ್ಚನೆಯ ನೀರಿನಲ್ಲಿ ಚೇತರಿಸಿಕೊಳ್ಳುವುದು ಕಷ್ಟ. ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಎರಡು ಮೂರು ಗಂಟೆ ಬೀಸಿ, ಹತ್ತರೊಳಗೆ ರಾಡ್ ಬಿಚ್ಚಿ ಚೀಲಕ್ಕೆ ಹಾಕುವುದು ಸರಿಯಾದ ಪದ್ಧತಿ.