ಗೂಗಲ್ ನೋಡದೆ ಹೇಳಿ!

ಕರ್ನಾಟಕದ ರಾಜ್ಯಪಕ್ಷಿ ಯಾವುದು? ಗೂಗಲ್ ನೋಡದೆ ಹೇಳಿ.

ದಾಂಡೇಲಿ ಬಸ್ ನಿಲ್ದಾಣದಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ ‘ಹಾರ್ನ್‌ಬಿಲ್’ ಎನ್ನುವವರೇ ಹೆಚ್ಚು ಸಿಗುತ್ತಾರೆ. ಅವರನ್ನು ನೋಡಿ ನಗುವಂತಿಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಅದೇ ದೊಡ್ಡ ಕೊಕ್ಕಿನ ಮಂಗಟ್ಟೆಯ ಚಿತ್ರ. ನಮ್ಮ ಕಾಡಿನಲ್ಲಿ ಅದರ ನಾಲ್ಕು ಪ್ರಭೇದಗಳಿವೆ. ಆದರೆ ರಾಜ್ಯಪಕ್ಷಿ ಮಾತ್ರ ನೀಲಕಂಠ. ಮಂಗಟ್ಟೆಗೆ ಆ ಪಟ್ಟ ಕೊಟ್ಟಿರುವುದು ಕೇರಳ ಮತ್ತು ಅರುಣಾಚಲ ಪ್ರದೇಶ. ಹಾಗಾದರೆ ಹಾರ್ನ್‌ಬಿಲ್ ಹಬ್ಬಕ್ಕೆ ದೇಶದಲ್ಲೇ ಹೆಸರಾದ ನಾಗಾಲ್ಯಾಂಡಿನ ರಾಜ್ಯಪಕ್ಷಿ? ಅದೂ ಹಾರ್ನ್‌ಬಿಲ್ ಅಲ್ಲ, ಬ್ಲಿತ್ಸ್ ಟ್ರಾಗೋಪಾನ್ ಎಂಬ ಕೋಳಿ ಕುಟುಂಬದ ಹಕ್ಕಿ!

ಇಂಥ ಪ್ರಶ್ನೆಗಳೇ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ರಾತ್ರಿ ಊಟದ ನಂತರದ ಎಲೆ ಅಡಿಕೆ. ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳ ಓದುವ ಹುಡುಗ ಹುಡುಗಿಯರು ಸೇರಿಕೊಂಡಿದ್ದೇವೆ. ಡಿಗ್ರಿ ಓದುತ್ತಿರುವವರು, ಡಿಗ್ರಿ ಮುಗಿಸಿ ಎಫ್‌ಡಿಎ, ಪಿಸಿ, ಪಿಡಿಒ ಎಂದು ಅರ್ಜಿ ಹಾಕುತ್ತಲೇ ಇರುವವರು ಎಲ್ಲರೂ ಇದ್ದಾರೆ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿ ಕೋಚಿಂಗ್ ಸೇರುವಷ್ಟು ದುಡ್ಡು ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಒಬ್ಬ ಅಣ್ಣನಿಗಂತೂ ವಯೋಮಿತಿ ಮುಗಿಯಲು ಒಂದೇ ವರ್ಷ ಬಾಕಿ. ಜೊಯಿಡಾ ಕಡೆಯ ಒಬ್ಬ ಗೆಳೆಯನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಗುಡ್ಡ ಹತ್ತಿದ ದಿನ ಮೂರು ದಿನದ ಪ್ರಶ್ನೆಗಳಿಗೆ ಒಮ್ಮೆಲೇ ಉತ್ತರ ಸುರಿಸುತ್ತಾನೆ. ಗೂಗಲ್ ನೋಡಿ ಹೇಳಿದ್ದಾನೆ ಎಂಬ ಅನುಮಾನ ಅವನೊಬ್ಬನ ಮೇಲೆ ಮಾತ್ರ ಯಾರಿಗೂ ಬರುವುದಿಲ್ಲ!

ದಿನಕ್ಕೊಬ್ಬರು ಒಂದೇ ಪ್ರಶ್ನೆ ಹಾಕಬೇಕು. ಪ್ರಶ್ನೆ ಎಲ್ಲರನ್ನೂ ಎಡವಿಸುವಂತಿರಬೇಕು, ಆದರೆ ಅನ್ಯಾಯದ್ದಾಗಿರಬಾರದು. ಉತ್ತರದ ಜೊತೆಗೆ ಅದನ್ನು ಎಲ್ಲಿ ನೋಡಿದ್ದು ಎಂಬುದನ್ನೂ ಹೇಳಬೇಕು. ಇಷ್ಟೇ ನಮ್ಮ ನಿಯಮ.

ಕೊಕ್ಕೆ ಇರುವುದು ಒಂದು ಪದದಲ್ಲಿ

ಟ್ರಿಕ್ಕಿ ಪ್ರಶ್ನೆ ಎಂದರೆ ಯಾರಿಗೂ ಗೊತ್ತಿಲ್ಲದ ಮೂಲೆಯ ಸಂಗತಿಯನ್ನು ಹೆಕ್ಕಿ ತರುವುದು ಎಂದು ಹಲವರು ಭಾವಿಸಿದ್ದಾರೆ. ನಿಜವಾದ ಕೊಕ್ಕೆ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿಯ ಒಂದು ಪದದಲ್ಲಿ.

‘ಉತ್ತರ ಕನ್ನಡದಲ್ಲಿ ಎಷ್ಟು ವಿಧಾನಸಭಾ ಕ್ಷೇತ್ರಗಳಿವೆ?’ ಈ ಪ್ರಶ್ನೆ ಬಂದ ರಾತ್ರಿ ಗುಂಪು ಎರಡು ಹೋಳಾಯಿತು. ಒಂದು ಪಕ್ಷ ಆರು ಎಂದಿತು, ಇನ್ನೊಂದು ಎಂಟು ಎಂದಿತು. ‘ಜಿಲ್ಲೇನೋ, ಲೋಕಸಭಾ ಕ್ಷೇತ್ರಾನೋ? ಮೊದಲ ಅದನ್ನ ಹೇಳಲೇ ದೋಸ್ತ’ ಎಂದು ಹಳಿಯಾಳದವನೊಬ್ಬ ಕೇಳಿದ ಮೇಲೆ ಗಲಾಟೆ ನಿಂತಿತು. ಜಿಲ್ಲೆಗೆ ಸೇರಿದ್ದು ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ ಹೀಗೆ ಆರು. ಲೋಕಸಭಾ ಕ್ಷೇತ್ರಕ್ಕೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ಸೇರಿ ಎಂಟು. ಎರಡೂ ಪಕ್ಷದವರು ಸರಿ, ಪ್ರಶ್ನೆ ಅರ್ಧವಾಗಿತ್ತು ಅಷ್ಟೆ.

ಉಳವಿಯಲ್ಲಿ ಐಕ್ಯರಾದ ಶರಣರು ಯಾರು? ಚಕ್ಕಡಿ ಹೂಡಿ ಉಳವಿ ಜಾತ್ರೆಗೆ ಹೋಗುವ ಮನೆಗಳ ಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭ. ಆದರೆ ಆಯ್ಕೆಗಳಲ್ಲಿ ‘ಬಸವಣ್ಣ’ ಎಂಬುದು ಮೊದಲೇ ಕಂಡರೆ ಅವಸರದವರ ಕೈ ಅಲ್ಲಿಗೇ ಹೋಗುತ್ತದೆ. ಬಸವಣ್ಣ ಐಕ್ಯರಾದದ್ದು ಕೂಡಲಸಂಗಮದಲ್ಲಿ, ಉಳವಿಯಲ್ಲಿ ಚನ್ನಬಸವಣ್ಣ.

ಇನ್ನೊಂದು ನೋಡಿ. ಹೆಚ್ಚು ನೀರು ಹಿಡಿಯುವುದು ಕೆಆರ್‌ಎಸ್ಸೋ, ಸೂಪಾನೋ? ಟಿ.ವಿ.ಯಲ್ಲಿ ಪ್ರತಿ ಮಳೆಗಾಲ ಕಾಣುವ ಕೆಆರ್‌ಎಸ್‌ನ ಸಾಮರ್ಥ್ಯ ಸುಮಾರು 49 ಟಿಎಂಸಿ ಅಡಿ. ನಮ್ಮ ಗಣೇಶಗುಡಿಯ ಸೂಪಾದ್ದು ಸುಮಾರು 145 ಟಿಎಂಸಿ ಅಡಿ, ಹೆಚ್ಚುಕಡಿಮೆ ಮೂರು ಪಟ್ಟು. ಹೆಸರು ದೊಡ್ಡದೋ, ನೀರು ದೊಡ್ಡದೋ ಎಂದು ಪ್ರಶ್ನೆ ಓದುವಾಗಲೇ ವಿಚಾರಿಸಬೇಕು.

ಹಳೆ ಪುಸ್ತಕ, ಹೊಸ ಉತ್ತರ

ನಮ್ಮಲ್ಲಿ ಅನೇಕರು ಓದುವುದು ಸೀನಿಯರ್‌ಗಳಿಂದ ಬಂದ ಹಳೆ ಜಿ.ಕೆ. ಪುಸ್ತಕಗಳನ್ನು. ಅವುಗಳಲ್ಲಿ ಉತ್ತರ ಕನ್ನಡದ ತಾಲ್ಲೂಕುಗಳು 11. ಹಳಿಯಾಳದಲ್ಲಿದ್ದ ದಾಂಡೇಲಿ ಬೇರೆ ತಾಲ್ಲೂಕಾದ ಮೇಲೆ ಅದು 12. 2007ರಲ್ಲಿ ಘೋಷಣೆಯಾದ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಿಂದ ಕಾಳಿ ನದಿಯ ಹೆಸರು. ಪುಸ್ತಕದಲ್ಲಿ ಒಂದು, ಮೊಬೈಲ್‌ನಲ್ಲಿ ಇನ್ನೊಂದು ನೋಡಿ ಎರಡೂ ಬೇರೆ ಬೇರೆ ಕಾಡು ಎಂದುಕೊಂಡವರು ನಮ್ಮ ನಡುವೆಯೇ ಇದ್ದರು. ರಾಮನಗರ ಎಂಬ ಹೆಸರಿನ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಜೊಯಿಡಾ ತಾಲ್ಲೂಕಿನ ನಮ್ಮ ರಾಮನಗರ ಮಾತ್ರ ರಾಮನಗರವಾಗಿಯೇ ಉಳಿದಿದೆ!

ಇವೆಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಕೈಗಾ. ಕಾಳಿ ದಂಡೆಯ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ವಿದ್ಯುತ್ ಉತ್ಪಾದಿಸಿ, ಬ್ರಿಟನ್ನಿನ ಹೇಶಮ್ ಘಟಕದ 940 ದಿನಗಳ ವಿಶ್ವದಾಖಲೆ ಮುರಿಯಿತು. ಜಿಲ್ಲೆಯವರಾಗಿ ನಮಗೆಲ್ಲ ಎದೆಯುಬ್ಬಿಸುವ ಸಂಗತಿ. ಆದರೆ ‘ಈಗ ದಾಖಲೆ ಯಾರದು?’ ಎಂದು ಮುಂಡಗೋಡದ ಗೆಳತಿ ಕೇಳಿದಾಗ ಗುಂಪು ಮೌನವಾಯಿತು. ಕೆನಡಾದ ಡಾರ್ಲಿಂಗ್ಟನ್ ಘಟಕ 2020ರಲ್ಲಿ ಕೈಗಾವನ್ನು ದಾಟಿ, 2021ರ ಫೆಬ್ರುವರಿಯಲ್ಲಿ 1,106 ದಿನ ಪೂರೈಸಿ ನಿಂತಿತು. ಅಭಿಮಾನ ಬೇರೆ, ಉತ್ತರ ಬೇರೆ. ‘ಮೊದಲ’, ‘ಅತಿ ಹೆಚ್ಚು’, ‘ವಿಶ್ವದಾಖಲೆ’ ಎಂಬ ಪದಗಳು ಕಂಡಲ್ಲೆಲ್ಲ ‘ಯಾವ ದಿನಾಂಕದವರೆಗೆ?’ ಎಂದು ಕೇಳುವುದನ್ನು ಆಕೆ ನಮಗೆ ಕಲಿಸಿದಳು.

ಸುಳ್ಳಿಗೂ ಉತ್ತರಪತ್ರಿಕೆ ಇದೆ!

ಭಾರತದ ರಾಷ್ಟ್ರೀಯ ಕ್ರೀಡೆ ಹಾಕಿ ಎಂದು ಪ್ರಾಥಮಿಕ ಶಾಲೆಯಿಂದ ಬಾಯಿಪಾಠ ಮಾಡಿದವರು ನಾವು. ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯವೇ 2012ರಲ್ಲಿ ಮಾಹಿತಿ ಹಕ್ಕು ಅರ್ಜಿಯೊಂದಕ್ಕೆ ಉತ್ತರಿಸಿತ್ತು. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠ ಎಂದು ಘೋಷಿಸಿದೆ ಎಂಬ ಸಂದೇಶವೂ ಅಷ್ಟೆ, ಬರೀ ಫಾರ್ವರ್ಡ್.

ಸುಳ್ಳು ಸಂಗತಿ ಹೇಗೆ ಊರೂರು ಸುತ್ತುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ನನಗೆ ಬಲು ಇಷ್ಟ. ಫ್ರೆಡ್ ವರ್ತ್ ಎಂಬುವವರು 1974ರಲ್ಲಿ ತಮ್ಮ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬೇಕೆಂದೇ ಒಂದು ಸುಳ್ಳು ಸೇರಿಸಿದರು. ಟಿ.ವಿ. ಧಾರಾವಾಹಿಯ ಪತ್ತೇದಾರ ಕೊಲಂಬೊನ ಮೊದಲ ಹೆಸರು ‘ಫಿಲಿಪ್’ ಎಂದು ಬರೆದರು. ಯಾರಾದರೂ ಕದ್ದರೆ ಸಿಕ್ಕಿಬೀಳಲಿ ಎಂಬ ಉಪಾಯ. ಮುಂದೆ ‘ಟ್ರಿವಿಯಲ್ ಪರ್ಸ್ಯೂಟ್’ ಎಂಬ ಜನಪ್ರಿಯ ಆಟದ ಕಾರ್ಡುಗಳಲ್ಲಿ ಅದೇ ಫಿಲಿಪ್ ಕಾಣಿಸಿಕೊಂಡ! ವರ್ತ್ 30 ಕೋಟಿ ಡಾಲರ್ ಪರಿಹಾರ ಕೇಳಿ ಕೋರ್ಟಿಗೆ ಹೋದರು. ಸಂಗತಿಗಳ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲ ಎಂಬ ಕಾರಣಕ್ಕೆ ಸೋತರು. ಅಂದರೆ ಪ್ರಶ್ನೆಯನ್ನು ಯಾರು ಬೇಕಾದರೂ ಹಂಚಬಹುದು, ಆದರೆ ಪರಿಶೀಲಿಸುವ ಹೊಣೆ ಹಂಚುವವನದೇ.

ಉತ್ತರವಾಗಿದ್ದವಳು ಪ್ರಶ್ನೆ ಕೇಳಿದಾಗ

ನಮ್ಮ ಗುಂಪಿನಲ್ಲಿ ಸಿದ್ದಿ ಸಮುದಾಯದ ಒಬ್ಬಳು ತಂಗಿ ಇದ್ದಾಳೆ. ಒಂದು ದಿನ ಯಾರೋ ಎಂದಿನಂತೆ ‘ಕರ್ನಾಟಕದಲ್ಲಿರುವ ಆಫ್ರಿಕಾ ಮೂಲದ ಬುಡಕಟ್ಟು ಯಾವುದು?’ ಎಂದು ಹಾಕಿದರು. ಸಾಲುಸಾಲಾಗಿ ಉತ್ತರ ಬಂದವು. ಕೊನೆಗೆ ಅವಳು ಬರೆದಳು: ‘ಅಣ್ಣಾ, ಎಲ್ಲಿಂದ ಬಂದರು ಅಂತ ಎಲ್ಲಾರೂ ಕೇಳ್ತಾರ. ಇಲ್ಲಿ ಹೆಂಗ ಅದೀವಿ ಅಂತ ಯಾರೂ ಕೇಳೂದಿಲ್ಲ. ಇನ್ನ ಒಂದು ವಾರ ನಂದ ಪ್ರಶ್ನೆ.’

ಆ ವಾರ ನಾವು ಕಲಿತಷ್ಟು ಯಾವ ಗೈಡಿನಲ್ಲೂ ಕಲಿತಿರಲಿಲ್ಲ. ಸಿದ್ದಿಗಳ ಧರ್ಮ ಯಾವುದು? ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಡಮಾಮಿ ಎಂದರೇನು? ಅವರ ಕುಣಿತಕ್ಕೆ ಜೀವ ತುಂಬುವ ವಾದ್ಯ. ಅವರು ಯಾವ ಜಿಲ್ಲೆಗಳಲ್ಲಿ ಪರಿಶಿಷ್ಟ ಪಂಗಡ? ಉತ್ತರ ಕನ್ನಡದಲ್ಲಿ 2003ರಿಂದ, ಬೆಳಗಾವಿ ಮತ್ತು ಧಾರವಾಡದಲ್ಲಿ 2020ರ ತಿದ್ದುಪಡಿಯ ನಂತರ. ನಮಗೆ ಇದು ಒಂದು ಅಂಕ. ಧಾರವಾಡ ಜಿಲ್ಲೆಯಲ್ಲಿರುವ ಅವಳ ಬಂಧುಗಳಿಗೆ ಇದು ಜಾತಿ ಪ್ರಮಾಣಪತ್ರ, ಸೀಟು, ನೌಕರಿ. ಕೊನೆಯ ದಿನ ಅವಳು ಕೇಳಿದ್ದು: ‘ಶಾಂತಾರಾಮ ಸಿದ್ದಿ ಯಾವ ಕ್ಷೇತ್ರದ ಶಾಸಕರು?’ ಹಲವರು ಯಲ್ಲಾಪುರ ಎಂದರು. ಅವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡವರು, ಅಂಥವರಿಗೆ ಕ್ಷೇತ್ರವೇ ಇರುವುದಿಲ್ಲ. ಮತ್ತೆ ಅದೇ ಒಂದು ಪದದ ಕೊಕ್ಕೆ!

ಅವಳನ್ನು ನೋಡಿ ಜೊಯಿಡಾದ ಗೆಳೆಯನೂ ಶುರು ಮಾಡಿದ. ‘ಸೂಪಾ ಅಣೆಕಟ್ಟೆಯ ಎತ್ತರ ಎಲ್ಲಾರಿಗೂ ಗೊತ್ತು, 101 ಮೀಟರ್. ಸೂಪಾ ಊರು ಎಲ್ಲೈತಿ?’ ಆ ಊರು ಅಣೆಕಟ್ಟೆಯ ಹಿನ್ನೀರಿನ ಕೆಳಗಿದೆ. ತಾಲ್ಲೂಕಿನ ಹೆಸರೂ ಮೊದಲು ಸೂಪಾ ಎಂದೇ ಇತ್ತು. ಊರು ಮುಳುಗಿ ಕೇಂದ್ರ ಜೊಯಿಡಾಕ್ಕೆ ಬಂತು, ನೆಲೆ ಕಳೆದುಕೊಂಡ ಅನೇಕರು ರಾಮನಗರ ಸೇರಿದರು. ಅಂಕಿ ಬಾಯಿಪಾಠ ಮಾಡಿದವನಿಗೆ 101 ನಾಳೆ 110 ಆಗಬಹುದು. ಊರೊಂದು ನೀರಿನಡಿ ಇದೆ ಎಂದು ತಿಳಿದವನು ಅದರ ಲೆಕ್ಕವನ್ನೂ ಮರೆಯುವುದಿಲ್ಲ.

ಕಾಲು ಅಂಕದ ಬೆಲೆ

‘ಇದೆಲ್ಲ ಟೈಂಪಾಸ್’ ಎಂದು ಮನೆಯಲ್ಲಿ ಬೈಯುವುದುಂಟು. ಆದರೆ ರಾಜ್ಯದ ಹಲವು ನೇಮಕಾತಿ ಪರೀಕ್ಷೆಗಳಲ್ಲಿ ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಾಗುತ್ತದೆ. ಅಷ್ಟರಲ್ಲೇ ಆಯ್ಕೆ ಪಟ್ಟಿಯಿಂದ ಹೊರಗೆ ಬಿದ್ದವರು ನಮ್ಮ ಊರುಗಳಲ್ಲೂ ಇದ್ದಾರೆ. ಪದ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇಡೀ ರಾಜ್ಯವೇ ನೋಡಿದೆ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ದೋಷಗಳಿಂದಾಗಿ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಕೀ ಉತ್ತರ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಸಿಗುವುದು ಕೆಲವೇ ದಿನ. ಆಧಾರ ಎಲ್ಲಿದೆ ಎಂದು ಹುಡುಕಿ ಅಭ್ಯಾಸವಿದ್ದವರಿಗೆ ಮಾತ್ರ ಅದು ಸಾಧ್ಯ. ಆ ಅಭ್ಯಾಸ ನಮಗೆ ರಾತ್ರಿಯ ಜಗಳಗಳಿಂದ ಬಂದಿದೆ.

ಈ ಹುಚ್ಚು ಕನ್ನಡನಾಡಿಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ 1983ರಲ್ಲೇ ಕರ್ನಾಟಕ ಕ್ವಿಜ್ ಸಂಸ್ಥೆ ಹುಟ್ಟಿತು. ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸುತ್ತಿರುವ ‘ಥಟ್ ಅಂತ ಹೇಳಿ’ಯಲ್ಲಿ ಗೆದ್ದವರಿಗೆ ಸಿಗುವುದು ಪುಸ್ತಕ. ಒಂದು ಉತ್ತರ ಸರಿಯಾದರೆ ಇನ್ನಷ್ಟು ಓದು ಎಂದು ಹೇಳುವ ಬಹುಮಾನ ಅದು.

ನಿಮ್ಮೂರಿನಲ್ಲೂ ನಾಲ್ಕು ಜನ ಗೆಳೆಯರು ಸೇರಿ ಶುರು ಮಾಡಿ. ಮೊದಲ ತಿಂಗಳು ನಿಮ್ಮ ತಾಲ್ಲೂಕನ್ನು ಬಿಟ್ಟು ಹೊರಗೆ ಹೋಗಬೇಡಿ. ಊರಿನ ಕೆರೆ, ಗುಡಿ, ಕಚೇರಿ, ಬಸ್ಸಿನ ಬೋರ್ಡು ಎಲ್ಲದರಲ್ಲೂ ಪ್ರಶ್ನೆ ಇದೆ. ಹೋಗಿ ನೋಡಿ ಬರಬಹುದಾದ ಉತ್ತರ ಜೀವಮಾನ ಮರೆಯುವುದಿಲ್ಲ.

ಸದ್ಯಕ್ಕೆ ಮುಂಡಗೋಡದ ಗೆಳತಿಯ ಈ ವಾರದ ಪ್ರಶ್ನೆ ನಿಮಗೂ ಇರಲಿ: ಟಿಬೆಟಿನ ಮೂರು ಮಹಾ ಬೌದ್ಧ ಮಠಗಳಾದ ಸೇರಾ, ಡ್ರೆಪುಂಗ್, ಗಾಂದೆನ್ ಮೂರೂ ಕರ್ನಾಟಕದಲ್ಲಿ ಮರುಹುಟ್ಟು ಪಡೆದಿವೆ. ಇವುಗಳಲ್ಲಿ ಮುಂಡಗೋಡದಲ್ಲಿ ಇಲ್ಲದ್ದು ಯಾವುದು, ಅದು ಇರುವ ಊರು ಕೊಡಗಿನದೋ, ಮೈಸೂರು ಜಿಲ್ಲೆಯದೋ? ಉತ್ತರ ಹೇಳಿದರೆ ಸಾಲದು, ಎಲ್ಲಿ ನೋಡಿದಿರಿ ಎಂಬುದನ್ನೂ ಹೇಳಬೇಕು!