ಗಣಕಯಂತ್ರ ಕೊಳ್ಳುವ ಮುನ್ನ

ಮನೆಗೆ ರೇಡಿಯೋ ತರುವಾಗ ನಾವು ಏನನ್ನು ನೋಡುತ್ತೇವೆ? ಧ್ವನಿ ಶುದ್ಧವಾಗಿದೆಯೆ, ದೂರದ ಕೇಂದ್ರಗಳು ಕೇಳಿಸುತ್ತವೆಯೆ, ಕೆಟ್ಟರೆ ನಮ್ಮ ಊರಿನಲ್ಲಿ ರಿಪೇರಿ ಮಾಡುವವರು ಉಂಟೆ, ಇಷ್ಟನ್ನು ವಿಚಾರಿಸಿದರೆ ಸಾಕು. ರೇಡಿಯೋ ಬಂದ ದಿನ ಹೇಗಿತ್ತೋ ಹತ್ತು ವರ್ಷಗಳ ಮೇಲೂ ಹಾಗೆಯೇ ಇರುತ್ತದೆ. ನಾವೂ ಅದರಿಂದ ಹೆಚ್ಚಿನದನ್ನು ಬಯಸುವುದಿಲ್ಲ. ಗಣಕಯಂತ್ರದ ಮಾತು ಬೇರೆ. ಮನೆಯವರ ಕೆಲಸ ಬೆಳೆದಂತೆ ಅದೂ ಬೆಳೆಯಬೇಕಾಗುತ್ತದೆ. ಮಗುವಿನ ಅಂಗಿ ಹೊಲಿಯುವಾಗ ದರ್ಜಿಯು ಒಳಗೆ ಒಂದಿಷ್ಟು ಬಟ್ಟೆ ಮಡಿಸಿ ಬಿಟ್ಟಿದ್ದರೆ ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡಬಹುದು. ಬಿಟ್ಟಿಲ್ಲವಾದರೆ ಹೊಸ ಅಂಗಿಯೇ ಗತಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಡೆಸ್ಕ್‌ಟಾಪ್ ಗಣಕಯಂತ್ರದಲ್ಲಿ ನಾವು ಹುಡುಕಬೇಕಾದುದು ಇಂಥ ಮಡಿಕೆಯನ್ನು.

ಮೂಡಲಗಿಯ ನಮ್ಮ ಸಂಬಂಧಿಕರೊಬ್ಬರು ಕಬ್ಬಿನ ಬಿಲ್ಲು ಕೈಗೆ ಬಂದ ವರ್ಷ, ಡಿಪ್ಲೊಮಾ ಓದುತ್ತಿದ್ದ ಮಗಳಿಗೆಂದು ಒಂದು ಯಂತ್ರ ತಂದರು. ಪೆಟ್ಟಿಗೆ ತೆಳ್ಳಗೆ, ನೋಡಲು ಅಂದವಾಗಿತ್ತು. ಎರಡನೆಯ ವರ್ಷ ಕಟ್ಟಡದ ನಕ್ಷೆಗಳನ್ನು ಮೂರು ಆಯಾಮಗಳಲ್ಲಿ ಬಿಡಿಸುವ ಪಾಠ ಬಂದಾಗ ಅದು ತೆವಳತೊಡಗಿತು. ಗ್ರಾಫಿಕ್ಸ್ ಕಾರ್ಡ್ ಹಾಕಿಸೋಣವೆಂದು ತಂದರೆ ಅದು ಪೆಟ್ಟಿಗೆಯೊಳಗೆ ಹೋಗಲೇ ಇಲ್ಲ. ಒಳಗಿದ್ದ ವಿದ್ಯುತ್ ಪೂರೈಕೆಯ ಡಬ್ಬಿ, ಅಂದರೆ ಎಸ್.ಎಂ.ಪಿ.ಎಸ್., ಬರಿ 180 ವ್ಯಾಟಿನದು. ಬದಲಿಸೋಣವೆಂದರೆ ಅದರ ಅಳತೆಯೂ ತಂತಿಯ ತುದಿಯೂ ಪೇಟೆಯಲ್ಲಿ ಸಿಗುವಂಥವಲ್ಲ. “ಮಾಮಾ, ಯಂತ್ರ ಇನ್ನೂ ಹೊಸಾದೈತಿ, ಆದ್ರ ಏನೂ ಮಾಡಾಕ ಬರೂದಿಲ್ಲಂತ” ಎಂದು ಆ ಹುಡುಗಿ ನನ್ನೆದುರು ಕಣ್ಣೀರು ತಂದಳು. ಮುಂದಿನ ಕಬ್ಬಿನ ಬಿಲ್ಲು ಬರುವ ತನಕ ಅವಳು ಕಾಲೇಜಿನ ಪ್ರಯೋಗಾಲಯದಲ್ಲೇ ನಕ್ಷೆ ಬಿಡಿಸಿ ಕೊನೆಯ ಬಸ್ಸಿಗೆ ಮನೆಗೆ ಬರಬೇಕಾಯಿತು. ಮೊದಲೇ ನಾಲ್ಕು ಪ್ರಶ್ನೆ ಕೇಳಿದ್ದರೆ ಈ ತೊಂದರೆ ತಪ್ಪುತ್ತಿತ್ತು.

ಮೊದಲನೆಯದು ಹೊಂದಾಣಿಕೆ. ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರು ಕೆಳಗೆ ಧುಮುಕುತ್ತಾಳೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆ ನೀರಿನ ಬಲದಿಂದ ಅಲ್ಲಿ ನೂಲಿನ ಗಿರಣಿ ನಡೆಯಿತು. ನೀರಿನ ಬಲಕ್ಕೆ ತಕ್ಕ ಚಕ್ರ, ಚಕ್ರಕ್ಕೆ ತಕ್ಕ ಯಂತ್ರ ಇದ್ದುದರಿಂದಲೇ ಅದು ಸಾಧ್ಯವಾಯಿತು. ಗಣಕಯಂತ್ರದೊಳಗೂ ಇದೇ ನ್ಯಾಯ. ಅದರ ಮಿದುಳೆನಿಸಿದ ಪ್ರೊಸೆಸರ್ ಕೂಡುವ ಪೀಠಕ್ಕೆ ಸಾಕೆಟ್ ಎನ್ನುತ್ತಾರೆ. ಇಂಟೆಲ್ ಕಂಪನಿಯ 12, 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳದು ಎಲ್.ಜಿ.ಎ. 1700 ಎಂಬ ಪೀಠ. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿನದು ಎಲ್.ಜಿ.ಎ. 1851. ಒಂದರದು ಇನ್ನೊಂದರಲ್ಲಿ ಕೂಡದು. ಎ.ಎಂ.ಡಿ. ಕಂಪನಿಯ ಎ.ಎಂ.4 ಹಳೆಯ ಪೀಠ, 2022ರಲ್ಲಿ ಬಂದ ಎ.ಎಂ.5 ಹೊಸದು. ನೆನಪಿನ ಪಟ್ಟಿಯಾದ ರ‍್ಯಾಮ್‌ನಲ್ಲಿಯೂ ಡಿ.ಡಿ.ಆರ್.4 ಮತ್ತು ಡಿ.ಡಿ.ಆರ್.5 ಎಂಬ ಭೇದವುಂಟು. ಎರಡರ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಬದಲಿಗೆ ಇನ್ನೊಂದನ್ನು ಹಾಕಲು ಬರುವುದಿಲ್ಲ.

ಹಳೆಯ ಕಚೇರಿ ಯಂತ್ರಗಳನ್ನು ಒರೆಸಿ ಕಡಿಮೆ ಬೆಲೆಗೆ ಮಾರುವುದುಂಟು. ಅಂಥದನ್ನು ಕೊಳ್ಳುವವರು ಇನ್ನೊಂದು ಮಾತು ನೆನಪಿಡಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೆಯ ಪೀಳಿಗೆಯದು ಅಥವಾ ಅದರಿಂದೀಚಿನದು ಆಗಿರಬೇಕು. ಇವೆರಡೂ ಇಲ್ಲದ ಯಂತ್ರ ಅಗ್ಗವಾಗಿ ಕಂಡರೂ ಅಗ್ಗವಲ್ಲ.

ಎರಡನೆಯದು ಬೆಳೆಯುವ ಅವಕಾಶ. “ಹದಿನಾರು ಜಿ.ಬಿ. ರ‍್ಯಾಮ್ ಇದೆ” ಎಂದು ಅಂಗಡಿಯವರು ಹೇಳಿದರೆ ಅಲ್ಲಿಗೇ ಸುಮ್ಮನಾಗಬಾರದು. ಅದು ಒಂದೇ ಪಟ್ಟಿಯೋ ಎಂಟೆಂಟರ ಎರಡೋ, ಖಾಲಿ ಜಾಗ ಎಷ್ಟಿದೆ ಎಂದು ಕೇಳಬೇಕು. ಎರಡು ಪಟ್ಟಿ ಜೋಡಿಯಾಗಿದ್ದರೆ ವೇಗ ಹೆಚ್ಚು. ಆದರೆ ಇರುವ ಜಾಗವೇ ಎರಡಾದರೆ ಮುಂದೆ ಹೆಚ್ಚಿಸುವಾಗ ಹಳೆಯದನ್ನು ತೆಗೆದಿಡಬೇಕಾಗುತ್ತದೆ. ಕಡತಗಳನ್ನು ಇಡುವ ಎಸ್.ಎಸ್.ಡಿ.ಗೆ ಎಂ.2 ಜಾಗ ಇನ್ನೊಂದು ಉಂಟೆ, ದೊಡ್ಡ ಡಿಸ್ಕಿಗೆ ಸಾಟಾ ತಂತಿ ಉಂಟೆ ಎಂದೂ ನೋಡಬೇಕು. ಗ್ರಾಫಿಕ್ಸ್ ಕಾರ್ಡಿಗೆ ಅದು ಕೂಡುವ ಜಾಗದಿಂದ ಸಿಗುವ ವಿದ್ಯುತ್ತು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್.ಎಂ.ಪಿ.ಎಸ್.ನಿಂದ ಬೇರೆ ತಂತಿ ಬರಬೇಕು; ಆರು ಮುಳ್ಳಿನ ತಂತಿ 75, ಎಂಟು ಮುಳ್ಳಿನದು 150 ವ್ಯಾಟ್ ಕೊಡುತ್ತದೆ. ಆದುದರಿಂದ ಎಸ್.ಎಂ.ಪಿ.ಎಸ್. ಎಷ್ಟು ವ್ಯಾಟಿನದು, ಅದು ಎಲ್ಲೆಡೆ ಸಿಗುವ ಎ.ಟಿ.ಎಕ್ಸ್. ಅಳತೆಯದೋ ಆ ಕಂಪನಿಗೆ ಮಾತ್ರ ಮೀಸಲಾದುದೋ ಎಂಬುದೇ ಇಲ್ಲಿ ಕೇಳತಕ್ಕ ಮುಖ್ಯ ಪ್ರಶ್ನೆ. ಕಂಪನಿಯ ಸ್ವಂತ ಅಳತೆಯದು ಕೆಟ್ಟರೆ ಅವರ ಬಾಗಿಲಿಗೇ ಹೋಗಬೇಕು.

ಮೂರನೆಯದು ತಂಪು. ನಮ್ಮ ಸೀಮೆಯವರು ಇದನ್ನು ಅಲಕ್ಷಿಸುವಂತಿಲ್ಲ. ಫ್ಯಾನಿನ ಗಾಳಿ ಯಂತ್ರವನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಕೋಣೆಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಒಳಗಿನ ಪ್ರೊಸೆಸರಿನದೂ ಸುಮಾರು ಅಷ್ಟೇ ಏರುತ್ತದೆ. ಚಳಿಗಾಲದಲ್ಲಿ ಎಪ್ಪತ್ತರಲ್ಲಿದ್ದುದು ಏಪ್ರಿಲಿನ ಮಧ್ಯಾಹ್ನ ತೊಂಬತ್ತರ ಹತ್ತಿರ ಹೋದರೆ ಆಶ್ಚರ್ಯವಿಲ್ಲ. ಇಂದಿನ ಅನೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿಯ ಹತ್ತಿರ ಬಂದೊಡನೆ ತಮ್ಮನ್ನು ಕಾಪಾಡಿಕೊಳ್ಳಲು ತಾವೇ ವೇಗ ತಗ್ಗಿಸುತ್ತವೆ. ದುಡ್ಡು ಕೊಟ್ಟು ತಂದ ವೇಗ ಹೀಗೆ ಬೇಸಿಗೆಯಲ್ಲಿ ಕರಗಿಹೋಗುತ್ತದೆ. ಇದಕ್ಕೆ ಕಬ್ಬು ಸಾಗುವ ದಿನಗಳ ರಸ್ತೆಯ ಧೂಳು ಸೇರಿ ರಂಧ್ರಗಳು ಮುಚ್ಚಿದರಂತೂ ಹೇಳುವುದೇ ಬೇಡ.

ಆದಕಾರಣ ಪೆಟ್ಟಿಗೆಯ ಮುಂಭಾಗದಲ್ಲಿ ಗಾಳಿ ಒಳಬರುವ ಜಾಲರಿ ಇರಬೇಕು. ಬರಿಯ ಗಾಜಿನ ಹಲಗೆ ಶೋಭೆಗೆ ಮಾತ್ರ. ಹಿಂದೆ ಬಿಸಿ ಗಾಳಿಯನ್ನು ಹೊರದೂಡುವ ಫ್ಯಾನ್ ಇರಬೇಕು. ಬಿಚ್ಚಿ ತೊಳೆಯಬಹುದಾದ ಧೂಳಿನ ಜಾಲರಿ ಇದ್ದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿಯೇ ಅರ್ಧ ಗಂಟೆ ಭಾರವಾದ ಕೆಲಸ ಕೊಟ್ಟು, ಉಷ್ಣತೆ ತೋರಿಸುವ ಉಚಿತ ತಂತ್ರಾಂಶದಲ್ಲಿ ಅಂಕಿ ನೋಡಿರಿ. ಫ್ಯಾನಿನ ಸದ್ದನ್ನೂ ಆಲಿಸಿರಿ. ಮನೆಯಲ್ಲಿ ಯಂತ್ರವನ್ನು ಗೋಡೆಗೆ ಒತ್ತಿ ಇಡಬೇಡಿರಿ, ಕಪಾಟಿನೊಳಗೆ ಮುಚ್ಚಿಡಬೇಡಿರಿ.

ವಿದ್ಯುತ್ತಿನ ಬೆಲೆಯನ್ನು ಹುಕ್ಕೇರಿಯವರಿಗೆ ಬೇರೆ ಹೇಳಬೇಕಾಗಿಲ್ಲ. 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಅವರದೇ. ಆದರೂ ಮುಂಗಾರಿನ ಗಾಳಿ ಗುಡುಗು ಯಾರ ಮಾತನ್ನೂ ಕೇಳುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಬ್ಯಾಟರಿ ಇಲ್ಲವಾದುದರಿಂದ ದೀಪ ಹೋದೊಡನೆ ಮಾಡಿದ ಕೆಲಸವೂ ಹೋಗುತ್ತದೆ. ಒಂದು ಯು.ಪಿ.ಎಸ್. ಜೊತೆಗಿರಲಿ. ಅದರ ಮೇಲೆ ಬರೆದಿರುವ ವಿ.ಎ. ಎಂಬ ಸಂಖ್ಯೆ ವ್ಯಾಟ್ ಅಲ್ಲ. ವ್ಯಾಟ್ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಎಂಬುದನ್ನು ನೋಡಿಕೊಂಡು ಕೊಳ್ಳಿರಿ.

ಕೊನೆಯದಾಗಿ ಕಾಗದದ ಮಾತು. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್.ಎಂ.ಪಿ.ಎಸ್. ಇವುಗಳ ಪೂರ್ಣ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿರಿ. ರ‍್ಯಾಮ್ ಹೆಚ್ಚಿಸಲು ಪೆಟ್ಟಿಗೆ ತೆರೆದರೆ ವಾರಂಟಿ ಉಳಿಯುವುದೆ ಎಂದು ಮೊದಲೇ ಕೇಳಿರಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸಲು ನಮ್ಮ ರೈತರು ನಾಚುವುದಿಲ್ಲ. ಪೆಟ್ಟಿಗೆಯ ಪಕ್ಕದ ಹಲಗೆ ತೆಗೆದು ತೋರಿಸಿರೆಂದು ಕೇಳಲು ನಾವೇಕೆ ನಾಚಬೇಕು? ಆ ಹುಡುಗಿಗೆ ಎರಡನೆಯ ಯಂತ್ರ ತರುವಾಗ ಅವಳೇ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಳು. ಮೂರು ಅಂಗಡಿ ತಿರುಗಬೇಕಾಯಿತು. ಮೂರನೆಯವರು ಹಲಗೆ ತೆಗೆದು ತೋರಿಸಿದರು, ಅಲ್ಲಿಯೇ ಕೊಂಡರು.