ಪಿಂಗಾಣಿ ಲಕ್ಷ್ಮಿಗೆ ವಯಸ್ಸೆಷ್ಟು?

ಪ್ರಶ್ನೆ: ನಮ್ಮ ದಸರಾ ಗೊಂಬೆಗಳಲ್ಲಿ ಅಜ್ಜಿ ಕಾಲದ ಪಿಂಗಾಣಿ ಲಕ್ಷ್ಮಿ ಇದೆ. ಮಾಡಿದವರು ಯಾರು, ಎಷ್ಟು ಹಳೆಯದು ಎಂದು ತಿಳಿಯುವುದು ಹೇಗೆ?
– ಓದುಗರು, ತಿಪಟೂರು

ಉತ್ತರ: ಮೊದಲು ನೋಡಬೇಕಾದದ್ದು ಲಕ್ಷ್ಮಿಯ ಮುಖವನ್ನಲ್ಲ, ತಳವನ್ನು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಕಾರ್ಖಾನೆಗಳು ಭಾರತದ ಮಾರುಕಟ್ಟೆಗೆಂದೇ ದೇವರ ಗೊಂಬೆಗಳನ್ನು ತಯಾರಿಸಿದವು. ಹಲವಕ್ಕೆ ಮಾದರಿ ಚಿತ್ರಕಾರ ರವಿವರ್ಮನ ಅಚ್ಚುಚಿತ್ರಗಳು. ಅವನ ಮುದ್ರಣಾಲಯ ಮುಂಬಯಿಯಲ್ಲಿ ಶುರುವಾದದ್ದು 1894ರಲ್ಲಿ. ಕಮಲದ ಮೇಲೆ ನಿಂತ ಲಕ್ಷ್ಮಿ ಅವನ ಲಕ್ಷ್ಮಿ ಚಿತ್ರದ ಪಡಿಯಚ್ಚಿನಂತಿದ್ದರೆ, ಗೊಂಬೆ ಆ ಇಸವಿಗಿಂತ ಹಳೆಯದಾಗಿರಲಾರದು.

ತಳದಲ್ಲಿ ದೇಶದ ಹೆಸರಿದ್ದರೆ ಅರ್ಧ ಕೆಲಸ ಮುಗಿಯಿತು. ಆಮದು ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ 1891ರಿಂದ ಕಡ್ಡಾಯ ಮಾಡಿತು. ಅದರಿಂದಾಗಿ ದೇಶದ ಹೆಸರಿನ ಮುದ್ರೆ ಹಾಕುವ ರೂಢಿ ಹಬ್ಬಿತು. ‘ನಿಪ್ಪಾನ್’ (ಜಪಾನಿನದೇ ಇನ್ನೊಂದು ಹೆಸರು) ಎಂದಿದ್ದರೆ ಸಾಮಾನ್ಯವಾಗಿ 1921ಕ್ಕೆ ಮುಂಚಿನದು, ‘ಜಪಾನ್’ ಎಂದರೆ ಆಮೇಲಿನದು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲಿನದು, 1952ರೊಳಗಿನದು. ‘ವೆಸ್ಟ್ ಜರ್ಮನಿ’ ಇದ್ದರೆ 1949ಕ್ಕಿಂತ ಹಿಂದಿನದಲ್ಲ.

ತಳದಲ್ಲಿ ಕೊರೆದ ನಾಲ್ಕಂಕಿಯನ್ನು ಇಸವಿ ಎಂದುಕೊಂಡು ಹಿಗ್ಗುವವರೇ ಹೆಚ್ಚು. ಅದು ಬಹುತೇಕ ಅಚ್ಚಿನ ಸಂಖ್ಯೆ. ಅಲ್ಲಿನ ಪುಟ್ಟ ತೂತು ಕೂಡ ಗುರುತಲ್ಲ, ಸುಡುವಾಗ ಒಳಗಿನ ಬಿಸಿಗಾಳಿ ಹೊರಹೋಗಲು ಬಿಟ್ಟ ದಾರಿ. ಅಡ್ಡಕತ್ತಿಗಳ ನೀಲಿ ಮುದ್ರೆ ಕಂಡ ಕೂಡಲೇ ಜರ್ಮನಿಯ ಹೆಸರಾಂತ ಮೈಸೆನ್ ಕಾರ್ಖಾನೆಯದು ಎನ್ನುವಂತೆಯೂ ಇಲ್ಲ. ಆ ಮುದ್ರೆಯನ್ನು ನಕಲು ಮಾಡಿದವರು ಲೆಕ್ಕವಿಲ್ಲದಷ್ಟು. ಮುದ್ರೆಯೇ ಇಲ್ಲದಿದ್ದರೆ ತಯಾರಕರ ಹೆಸರು ಸಿಗುವುದು ಕಷ್ಟ.

ಇನ್ನು ಶುಚಿ ಮಾಡುವ ಮಾತು: ಗೊಂಬೆಯ ಮೇಲೆ ತಿಪಟೂರಿನ ಕೊಬ್ಬರಿ ಅಟ್ಟದ ಧೂಳು ಕೂತಿದ್ದರೆ ಮೆತ್ತನೆಯ ಕುಂಚ ಸಾಕು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬಾರದು: ಸೀರೆಯಂಚಿನ ಚಿನ್ನದ ಗೆರೆ ಹೊಳಪಿನ ಲೇಪದ ಮೇಲಿರುತ್ತದೆ, ಮೊದಲು ಹೋಗುವುದೇ ಅದು.